ಉದ್ಯಮಗಳ ನೆರೆಹೊರೆ ಮತ್ತು ಪವನೆಯ ನೀರು

ಪಿಂಪ್ರಿ-ಚಿಂಚವಡದಿಂದ ಚಾಕಣದವರೆಗೆ ಹಬ್ಬಿಕೊಂಡಿರುವ ಕಾರಖಾನೆಗಳ ಸಾಲನ್ನು ಕಂಡವರಿಗೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮೋಟಾರು ವಾಹನಗಳನ್ನೂ ಅವುಗಳ ಬಿಡಿಭಾಗಗಳನ್ನೂ ತಯಾರಿಸುವ ಇಷ್ಟೊಂದು ಮಂದಿ ಒಂದೇ ಎಡೆಯಲ್ಲಿ ಬಂದು ನೆಲೆಸಿದುದೇಕೆ? ಇಲ್ಲಿ ಭೂಮಿಯ ಬೆಲೆ ಏರಿದೆ, ಹೆದ್ದಾರಿಯಲ್ಲಿ ಲಾರಿಗಳು ತಾಸುಗಟ್ಟಲೆ ನಿಲ್ಲುತ್ತವೆ, ನೀರಿಗೆ ಪೈಪೋಟಿಯಿದೆ. ಆದರೂ ಹೊಸದಾಗಿ ಬರುವವನು ಇಲ್ಲಿಗೇ ಬರುತ್ತಾನೆ. ಇದರ ಗುಟ್ಟನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅಮೇರಿಕೆಯ ಹಾರ್ವರ್ಡ್ ವಾಣಿಜ್ಯ ಶಾಲೆಯ ಪ್ರಾಧ್ಯಾಪಕರಾದ ಮೈಕೆಲ್ ಪೋರ್ಟರ್ ಅವರ ಹೆಸರು ಮುಖ್ಯವಾದುದು. 1990ರಲ್ಲಿ ಪ್ರಕಟವಾದ ತಮ್ಮ ಬೃಹದ್‌ಗ್ರಂಥದಲ್ಲಿಯೂ, 1998ರಲ್ಲಿ ಬರೆದ ಲೇಖನವೊಂದರಲ್ಲಿಯೂ ಅವರು ಇಂತಹ ಉದ್ಯಮ ಸಮೂಹಗಳಿಗೆ ‘ಕ್ಲಸ್ಟರ್’ ಎಂಬ ಹೆಸರನ್ನು ರೂಢಿಗೆ ತಂದರು. ಇಂದು ದಿಲ್ಲಿಯ ಸರಕಾರವು ಕಿರು ಉದ್ಯಮಗಳಿಗೆ ನೆರವು ನೀಡುವಾಗಲೂ ಇದೇ ಶಬ್ದವನ್ನು ಬಳಸುತ್ತಿದೆ.

ಪೋರ್ಟರ್ ಅವರ ವಾದದ ತಿರುಳು ಇಷ್ಟು. ಒಂದೇ ಬಗೆಯ ಉದ್ಯಮಗಳು, ಅವುಗಳಿಗೆ ಸಾಮಾನು ಒದಗಿಸುವವರು, ಕುಶಲ ಕಾರ್ಮಿಕರು, ಅವರನ್ನು ತರಬೇತುಗೊಳಿಸುವ ಶಾಲೆಗಳು, ಸಾಲ ಕೊಡುವ ಬ್ಯಾಂಕುಗಳು ಒಂದೇ ಪ್ರದೇಶದಲ್ಲಿ ಒತ್ತೊತ್ತಾಗಿ ನೆಲೆಸಿದಾಗ ಪ್ರತಿಯೊಬ್ಬನ ಖರ್ಚೂ ಇಳಿಯುತ್ತದೆ. ನೆರೆಯವನೊಡನೆ ಸ್ಪರ್ಧೆಯಿರುವುದರಿಂದ ಕೆಲಸದ ಗುಣಮಟ್ಟವೂ ಏರುತ್ತದೆ. ಇದು ತೀರ ಹೊಸ ಮಾತೇನೂ ಅಲ್ಲ. ಇಂಗ್ಲಂಡದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರು ಶೆಫೀಲ್ಡಿನ ಚಾಕು-ಕತ್ತರಿಗಳ ಉದ್ಯಮವನ್ನು ಕಂಡು 1890ರಲ್ಲಿಯೇ ಇಂತಹ ವಿಚಾರವನ್ನು ಬರೆದಿಟ್ಟಿದ್ದರು. ಪೋರ್ಟರ್ ಅದನ್ನು ನಮ್ಮ ಕಾಲದ ವ್ಯಾಪಾರಕ್ಕೆ ಒಪ್ಪುವಂತೆ ಹೊಸದಾಗಿ ಎರಕ ಹೊಯ್ದರೆಂದು ಹೇಳಬಹುದು.

ನಮ್ಮ ವಾಚಕರಿಗೆ ಇದನ್ನು ತಿಳಿಯಲು ಗ್ರಂಥದ ಅವಶ್ಯಕತೆಯಿಲ್ಲ. ಕುಂದಾಪುರದಿಂದಲೋ ಕಾರ್ಕಳದಿಂದಲೋ ಬಂದ ಹುಡುಗನು ಮೊದಲು ಲೋಟ ತೊಳೆಯುತ್ತಾನೆ, ಅನಂತರ ಮಾಣಿಯಾಗುತ್ತಾನೆ, ಲೆಕ್ಕ ಬಲ್ಲವನಾದರೆ ಗಲ್ಲಾದ ಮೇಲೆ ಕುಳಿತುಕೊಳ್ಳುತ್ತಾನೆ, ಕೊನೆಗೆ ಊರಿನವನೊಬ್ಬನ ಪಾಲುದಾರಿಕೆಯಲ್ಲಿ ತನ್ನದೇ ಹೋಟೆಲನ್ನು ತೆರೆಯುತ್ತಾನೆ. ದೋಸೆಯ ಹಿಟ್ಟಿನ ಹದವನ್ನು ಯಾವ ಕಾಲೇಜೂ ಅವನಿಗೆ ಕಲಿಸಲಿಲ್ಲ; ಅದು ಅಡಿಗೆಮನೆಯಿಂದ ಅಡಿಗೆಮನೆಗೆ ದಾಟಿ ಬಂದಿತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ದಿನವಿಡೀ ದುಡಿದ ಹುಡುಗರಿಗೆ ಅಕ್ಷರ ಕಲಿಸಿದವು. 1978ರಲ್ಲಿ ಬಿಲ್ಲವ ಸಮಾಜದವರು ಅಲ್ಲಿಯೇ ಭಾರತ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಶಾಲೆ, ಬ್ಯಾಂಕು, ಕೆಲಸಗಾರ, ಗಿರಾಕಿ ಎಲ್ಲವೂ ಕೂಡಿದ ಇದನ್ನೇ ಹಾರ್ವರ್ಡಿನ ಪಂಡಿತರು ಕ್ಲಸ್ಟರ್ ಎನ್ನುತ್ತಾರೆ.

ಇನ್ನು ಯಂತ್ರೋದ್ಯಮದ ಕಡೆಗೆ ತಿರುಗಿದರೆ, ಪುಣೆಯ ಈ ವೈಭವದ ಬೇರೊಂದು ಬೆಳಗಾವಿಯಲ್ಲಿದೆ ಎಂಬುದನ್ನು ಕನ್ನಡಿಗರು ಮರೆಯತಕ್ಕದ್ದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದುದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಅವರು ಕೈಹಾಕಿದರು. ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ನಂಬಿದ್ದ ರೈತರನ್ನು ಒಲಿಸುವುದೇ ಒಂದು ಸಾಹಸವಾಯಿತು. ಅಷ್ಟರಲ್ಲಿ ಊರನ್ನು ವಿಸ್ತರಿಸಲು ಆ ಜಾಗ ಬೇಕೆಂದು ಬೆಳಗಾವಿಯ ಮುನಿಸಿಪಾಲಿಟಿಯು ಕಾರಖಾನೆಯನ್ನು ತೆರವುಗೊಳಿಸಹೇಳಿತು. ಔಂಧ ಸಂಸ್ಥಾನದ ಅರಸರು ಕುಂಡಲ್ ರೈಲು ನಿಲ್ದಾಣದ ಹತ್ತಿರ ಪಾಪಾಸುಕಳ್ಳಿ ಬೆಳೆದ ಬರಡು ನೆಲವನ್ನು ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಆ ಮನೆತನದ ಉದ್ಯಮವೇ 1941ರಲ್ಲಿ ಹರಿಹರಕ್ಕೆ ಯಂತ್ರೋಪಕರಣಗಳ ಕಾರಖಾನೆಯನ್ನೂ, 1946ರಲ್ಲಿ ಪುಣೆಯ ಖಡಕಿಗೆ ತೈಲ ಎಂಜಿನುಗಳ ಕಾರಖಾನೆಯನ್ನೂ ತಂದಿತು. ಒಂದು ಪುರಸಭೆಯ ಒಂದು ಠರಾವಿನಿಂದ ಒಂದು ಊರಿನ ಭಾಗ್ಯವು ಬೇರೊಂದು ಊರಿಗೆ ಹೇಗೆ ವಲಸೆ ಹೋಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ಬೆಳಗಾವಿ ತರುವಾಯ ಎರಕದ ಕಾರಖಾನೆಗಳಿಗೆ ಹೆಸರಾಯಿತೆಂಬುದು ಸಮಾಧಾನದ ಸಂಗತಿ.

ಖಡಕಿಯ ಸುತ್ತಮುತ್ತ ಆಗಲೇ ಸೈನ್ಯದ ಮದ್ದುಗುಂಡಿನ ಕಾರಖಾನೆಯಿತ್ತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಗೊಂಡಿತು. 1962ರಲ್ಲಿ ರಾಜ್ಯ ಸರಕಾರವು ಔದ್ಯೋಗಿಕ ವಿಕಾಸ ಮಹಾಮಂಡಳವನ್ನು ರಚಿಸಿ ಭೂಮಿ, ನೀರು, ವಿದ್ಯುತ್ತುಗಳ ಏರ್ಪಾಡು ಮಾಡಿತು. ಟೆಲ್ಕೋ, ಬಜಾಜ್ ಬಂದವು; ಅವುಗಳ ಬೆನ್ನ ಹಿಂದೆ ನೂರಾರು ಸಣ್ಣ ವರ್ಕ್‌ಶಾಪುಗಳು ಬಂದವು. 2009ರಲ್ಲಿ ಜರ್ಮನಿಯ ಫೋಕ್ಸ್‌ವಾಗನ್ ಸಂಸ್ಥೆಯು ಚಾಕಣದಲ್ಲಿ ತನ್ನ ಕಾರಖಾನೆಯನ್ನು ತೆರೆಯಿತು.

ಇಷ್ಟರವರೆಗೆ ಲಾಭದ ಪುಟವಾಯಿತು. ಆದರೆ ಉದ್ಯಮಗಳು ಒಂದೆಡೆ ಸೇರಿದಾಗ ಅವುಗಳ ಕೊಳೆಯೂ ಒಂದೆಡೆ ಸೇರುತ್ತದೆ, ಬಾಯಾರಿಕೆಯೂ ಸೇರುತ್ತದೆ. ಪೋರ್ಟರ್ ಅವರು ಇದನ್ನು ಅಲಕ್ಷಿಸಿಲ್ಲ. 1995ರಲ್ಲಿ ಸಹಲೇಖಕರೊಬ್ಬರೊಡನೆ ಬರೆಯುತ್ತ, ಮಾಲಿನ್ಯವೆಂಬುದು ಕಾರಖಾನೆಯ ಹೊರಗೆ ಚೆಲ್ಲಿದ ಕಚ್ಚಾಮಾಲೇ ಆಗಿದೆ, ಸರಿಯಾದ ಕಟ್ಟಳೆಯಿದ್ದರೆ ಉದ್ಯಮಿಯು ಅದನ್ನು ತಡೆಯುವ ಹೊಸ ಉಪಾಯ ಕಂಡುಹಿಡಿದು ಹಣವನ್ನೂ ಉಳಿಸುತ್ತಾನೆ ಎಂದು ಅವರು ಪ್ರತಿಪಾದಿಸಿದರು. ಒಂದು ಕಾರಖಾನೆಯ ಮಟ್ಟಿಗೆ ಈ ವಾದ ಬಹಳಮಟ್ಟಿಗೆ ನಿಜ. ಆದರೆ ನದಿಯು ಯಾರೊಬ್ಬರ ಜಮಾ-ಖರ್ಚಿನ ಪುಸ್ತಕದಲ್ಲಿಯೂ ಇರುವುದಿಲ್ಲ. ಜ್ಞಾನೇಶ್ವರರ ಸಮಾಧಿಯಿರುವ ಆಳಂದಿಯಲ್ಲಿ ಇಂದ್ರಾಯಣಿಯ ಮೇಲೆ ಬಿಳಿಯ ನೊರೆ ತೇಲಿದುದನ್ನು ಈಚಿನ ವರ್ಷಗಳಲ್ಲಿ ವಾರಕರಿಗಳು ಪದೇ ಪದೇ ಕಂಡಿದ್ದಾರೆ. ಅದರಲ್ಲಿ ಕಾರಖಾನೆಗಳ ರಸಾಯನವೂ ಇದೆ, ಊರುಗಳ ಶುದ್ಧಗೊಳಿಸದ ಚರಂಡಿಯ ನೀರೂ ಇದೆ. ದೋಷ ಎಲ್ಲರದಾದುದರಿಂದ ದಂಡ ತೆರುವವರು ಯಾರೂ ಇಲ್ಲ.

ನೀರಿನ ಹಂಚಿಕೆಯ ವಿಷಯವಂತೂ ಇನ್ನೂ ಕಠಿಣವಾದುದು. ಮುಂಬಯಿಗೆ ವಿದ್ಯುತ್ತು ಒದಗಿಸಲು ಮುಳಶಿಯಲ್ಲಿ ಅಣೆಕಟ್ಟು ಕಟ್ಟಹೊರಟಾಗ 1921ರಲ್ಲಿಯೇ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು ಸತ್ಯಾಗ್ರಹ ಹೂಡಿದ್ದರು. ತೊಂಬತ್ತು ವರ್ಷಗಳ ತರುವಾಯ, 2011ರ ಆಗಸ್ಟ್ 9ರಂದು, ಮಾವಳ ತಾಲೂಕಿನ ರೈತರು ಮುಂಬಯಿ-ಪುಣೆ ದ್ರುತಮಾರ್ಗದ ಮೇಲೆ ಸೇರಿದರು. ಪವನಾ ಅಣೆಕಟ್ಟಿನಿಂದ ಪಿಂಪ್ರಿ-ಚಿಂಚವಡಕ್ಕೆ ಮುಚ್ಚಿದ ಕೊಳವೆಯಲ್ಲಿ ನೀರನ್ನು ಒಯ್ಯಬಾರದೆಂಬುದು ಅವರ ಬೇಡಿಕೆಯಾಗಿತ್ತು. ಪೊಲೀಸರು ಗುಂಡು ಹಾರಿಸಿದರು. ಒಬ್ಬ ಹೆಂಗಸು ಸೇರಿ ಮೂವರು ಸತ್ತರು. ನದಿಯಲ್ಲಿ ಬಿಟ್ಟ ನೀರು ದಾರಿಯಲ್ಲಿ ಕೆಡುತ್ತದೆ, ಪೋಲಾಗುತ್ತದೆ ಎಂಬುದು ನಗರದವರ ವಾದ. ಕೊಳವೆಯಲ್ಲಿ ಹೋದ ನೀರು ತಮ್ಮ ಹೊಲದ ಪಕ್ಕದಲ್ಲಿ ಹರಿಯುವುದಿಲ್ಲ ಎಂಬುದು ರೈತರ ಅಳಲು. ಎರಡೂ ಸುಳ್ಳಲ್ಲ. ಗೋಲಿಬಾರಿನ ನಂತರ ಸರಕಾರವು ಕಾಮಗಾರಿಗೆ ತಡೆಯಾಜ್ಞೆ ಕೊಟ್ಟಿತು. ಒಂದು ಪ್ರದೇಶವು ಎಷ್ಟು ಕಾರಖಾನೆಗಳನ್ನು ತಾಳಬಲ್ಲದೆಂಬುದನ್ನು ಮೊದಲೇ ಅಳೆದು ನೋಡುವವರಿದ್ದರೆ ಗುಂಡಿನವರೆಗೆ ಹೋಗಬೇಕಿರಲಿಲ್ಲ. ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ಗೋಡೆಯನ್ನು ಎತ್ತರಿಸದೆಯೇ ನೀರಿನ ಸಂಗ್ರಹವನ್ನು ಹೆಚ್ಚಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ಅವರ ಆ ಲೆಕ್ಕಾಚಾರದ ಬುದ್ಧಿಯೇ ಈಗ ಬೇಕಾದುದು.

ಲೆಕ್ಕ ತಪ್ಪಿದಾಗ ಕಾರ್ಮಿಕನ ಗತಿ ಏನಾಗುತ್ತದೆಂಬುದನ್ನು ತಿರುಪ್ಪೂರು ತೋರಿಸಿಕೊಟ್ಟಿದೆ. ಬನಿಯನ್ನಿನ ಆ ಊರಿನಲ್ಲಿ ಬಣ್ಣ ಹಾಕುವ ನೂರಾರು ಘಟಕಗಳು ನೊಯ್ಯಲ್ ನದಿಗೆ ಉಪ್ಪು ಮತ್ತು ಬಣ್ಣದ ನೀರನ್ನು ಬಿಟ್ಟವು. ನೀರಾವರಿಗಾಗಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಕೊಳೆಯ ತೊಟ್ಟಿಯಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆ ಘಟಕಗಳೆಲ್ಲವನ್ನೂ ಮುಚ್ಚಿಸಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆಮೇಲೆ ಕೂಡು ಶುದ್ಧೀಕರಣ ಸ್ಥಾವರಗಳು ಸುಧಾರಿಸಿದವು. ಇಂದು ಅಲ್ಲಿ ನೀರಿನ ಬಹುಭಾಗವನ್ನು ಮರಳಿ ಬಳಸಲಾಗುತ್ತಿದೆ, ಉಪ್ಪನ್ನೂ ಹಿಂದಕ್ಕೆ ಪಡೆಯಲಾಗುತ್ತಿದೆ. ಒಬ್ಬ ಸಣ್ಣ ಬಣ್ಣಗಾರನಿಗೆ ಅಂತಹ ಸ್ಥಾವರವನ್ನು ಕಟ್ಟಲು ಸಾಧ್ಯವೇ ಇಲ್ಲ, ನೂರು ಮಂದಿ ಕೂಡಿದರೆ ಸಾಧ್ಯ. ಕ್ಲಸ್ಟರಿನ ನಿಜವಾದ ಉಪಯೋಗ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ.

ವಿದ್ವಾಂಸರ ಬರಹಗಳಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ಒಂದೇ ಕಡೆ ಹಲವು ಕಾರಖಾನೆಗಳಿದ್ದರೆ ಕೆಲಸಗಾರನು ಒಂದನ್ನು ಬಿಟ್ಟು ಇನ್ನೊಂದನ್ನು ಸೇರಬಹುದೆಂದು ಮಾರ್ಷಲ್ ಕಾಲದಿಂದಲೂ ಹೇಳುತ್ತ ಬಂದಿದ್ದಾರೆ. ಆದರೆ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಈ ಸ್ವಾತಂತ್ರ್ಯದ ಬೆಲೆ ಎಷ್ಟು? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಿತವಾದಾಗ ಕಾರಖಾನೆಗಳೂ ಹೋಟೆಲುಗಳೂ ಒಂದೇ ದಿನ ಬಾಗಿಲು ಹಾಕಿದವು. ಹೋಟೆಲಿನಲ್ಲಿಯೇ ಉಂಡು ಹೋಟೆಲಿನಲ್ಲಿಯೇ ಮಲಗುವವನಿಗೆ ಕೆಲಸದೊಡನೆ ಅನ್ನವೂ ಸೂರೂ ಹೋಯಿತು. ಊರಿಗೆ ಹೊರಟವರು ರಾಜ್ಯದ ಗಡಿಯಲ್ಲಿ ಪಾಸಿಗಾಗಿ ಕಾಯಬೇಕಾಯಿತು. ಕೂಡು ಶುದ್ಧೀಕರಣ ಸ್ಥಾವರದಂತೆ ಕೂಡು ವಸತಿಗೃಹ, ಕೂಡು ವಿಮೆ ಏಕಿರಬಾರದು? ಸರಕಾರದ ಕ್ಲಸ್ಟರ್ ಯೋಜನೆಯು ಕೂಡು ಸೌಲಭ್ಯ ಕೇಂದ್ರಗಳಿಗೆ ಹಣ ಕೊಡುತ್ತದೆ. ಆ ಸೌಲಭ್ಯಗಳೆಂದರೆ ಹೆಚ್ಚಾಗಿ ಯಂತ್ರಗಳೇ, ಪರೀಕ್ಷಾಲಯಗಳೇ.

ಹೋಟೆಲಿನವರಾದ ನಾವೂ ಈ ವಿಷಯದಲ್ಲಿ ಬರಿಯ ಪ್ರೇಕ್ಷಕರಲ್ಲ. ಪುಣೆಯ ಕಸವನ್ನು ಹೊತ್ತು ಬೇಸತ್ತ ಉರುಳಿ ದೇವಾಚಿ, ಫುರಸುಂಗಿಗಳ ಗ್ರಾಮಸ್ಥರು ಕಸದ ಗಾಡಿಗಳನ್ನು ಅನೇಕ ಸಲ ತಡೆದು ನಿಲ್ಲಿಸಿದ್ದಾರೆ. ಆ ಗಾಡಿಗಳಲ್ಲಿ ನಮ್ಮ ಎಂಜಲೆಲೆಯೂ ಇತ್ತು. ಹೋಟೆಲುಗಳ ಹಸಿ ಕಸದಿಂದ ಅನಿಲ ತಯಾರಿಸಲು ಮಹಾನಗರಪಾಲಿಕೆಯು ಸ್ಥಾವರಗಳನ್ನು ಕಟ್ಟಿಸಿತು. ಅವುಗಳಲ್ಲಿ ಹಲವು ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿಲ್ಲವೆಂಬ ದೂರು ಬಹಳ ಕಾಲದಿಂದ ಇದೆ. ಕಸದಲ್ಲಿ ಪ್ಲಾಸ್ಟಿಕ್ಕು, ಚಮಚ, ಗಾಜು ಬೆರೆತರೆ ಅನಿಲ ಹುಟ್ಟುವುದಿಲ್ಲ. ಅದನ್ನು ಬೇರ್ಪಡಿಸುವ ಕೈ ಹಿಂಬಾಗಿಲಿನ ಮೋರಿಯ ಹತ್ತಿರ ನಿಂತ ಹುಡುಗನದು. ಎರಡು ಬುಟ್ಟಿಗಳನ್ನು ಅವನ ಮುಂದಿಟ್ಟು, ಅದಕ್ಕೆ ಬೇಕಾದ ಹೆಚ್ಚಿನ ಅರ್ಧ ತಾಸಿಗೆ ಸಂಬಳ ಕೊಡುವ ಕೆಲಸ ಮಾತ್ರ ಮಾಲಕರದು.