ಒಂದೇ ಪ್ರತಿಯ ಪತ್ರಿಕೆ

ಕಯ್ಯಾರ ಕಿಞ್ಞಣ್ಣ ರೈಗಳು 12ನೇ ವಯಸ್ಸಿಗೇ ಸಂಪಾದಕರಾಗಿದ್ದರು. 1915ರಲ್ಲಿ ಹುಟ್ಟಿದ ಅವರ ಮನೆಮಾತು ತುಳು, ಕನ್ನಡ ಕಲಿತದ್ದು ಶಾಲೆಯಲ್ಲಿ. ಆ ಶಾಲೆಯ ಕನ್ನಡದಲ್ಲೇ ‘ಸುಶೀಲ’ ಎಂಬ ಕೈಬರಹದ ಪತ್ರಿಕೆ ಹೊರಡಿಸಿದರು. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಪರವಾಗಿ ಬದುಕಿಡೀ ದನಿಯೆತ್ತಿದ ಕವಿಯೆಂದು ಅವರನ್ನು ನೆನೆಯುತ್ತೇವೆ. ಅವರು ಪೆರಡಾಲದ ನವಜೀವನ ಹೈಸ್ಕೂಲಿನ ಮೇಷ್ಟರೂ ಆಗಿದ್ದರು, 1969ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಮೇಷ್ಟರು. ಪತ್ರಿಕೆ ನಡೆಸಿದ ಹುಡುಗ ಮುಂದೆ ಮಕ್ಕಳಿಗೆ ಕನ್ನಡ ಕಲಿಸಲು ನಿಂತದ್ದು ನನಗಂತೂ ಸಹಜವಾಗಿ ಕಾಣುತ್ತದೆ.

ಕೈಬರಹದ ಪತ್ರಿಕೆ ಎಂದರೆ ಇರುವುದು ಒಂದೇ ಪ್ರತಿ. ತರಗತಿಯಲ್ಲಿ ಯಾರ ಅಕ್ಷರ ದುಂಡಗಿದೆಯೋ ಅವರು ನಕಲು ಮಾಡಬೇಕು, ಚಿತ್ರ ಬರೆಯಬಲ್ಲವರಿಗೆ ಮುಖಪುಟ. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆದು, ಬರೆದು, ಶಾಯಿ ಒಣಗಿದ ಮೇಲೆ ಗೆರೆ ಅಳಿಸಿ, ಹಾಳೆಗಳನ್ನು ದಬ್ಬಣದಿಂದ ಚುಚ್ಚಿ ದಾರ ಹಾಕಿ ಹೊಲಿಯುವುದು. ಕೊನೆಯ ಎರಡು ಮೂರು ಪುಟ ಖಾಲಿ, ಓದಿದವರು ಅಭಿಪ್ರಾಯ ಬರೆಯಲಿ ಎಂದು. ‘ಪ್ರಾಸಕ್ಕಾಗಿ ಪದ ತುರುಕಿದ್ದೀಯ’ ಎಂದು ಬರೆದವರು ಕೆಳಗೆ ಹೆಸರು ಹಾಕಬೇಕು, ಮರುದಿನ ಅದೇ ಬೆಂಚಿನಲ್ಲಿ ಪಕ್ಕದಲ್ಲೇ ಕೂರಬೇಕು! ಗೆಳೆಯನ ಕತೆಯನ್ನು ಅಕ್ಷರ ಅಕ್ಷರವಾಗಿ ಇಳಿಸಿದವನಿಗೆ ಅದರ ಸೊಗಸೂ ಸಡಿಲವೂ ಕೈಗೇ ಗೊತ್ತಾಗಿಬಿಡುತ್ತದೆ.

ಆಮೇಲೆ ಸೈಕ್ಲೋಸ್ಟೈಲ್ ಬಂತು, ಡಿಟಿಪಿ ಬಂತು. ಪ್ರತಿಗಳು ಹೆಚ್ಚಿದವು, ಮಕ್ಕಳ ಕೈ ಹಿಂದೆ ಸರಿಯಿತು. ಈಗ ಎಷ್ಟೋ ಶಾಲೆಗಳ ವಾರ್ಷಿಕ ಸಂಚಿಕೆ ಬಿಡಿಸಿದರೆ ಮೊದಲು ಗಣ್ಯರ ಸಂದೇಶ, ಆಮೇಲೆ ಆಡಳಿತ ಮಂಡಳಿಯ ಫೋಟೊ, ಅದಾದ ಮೇಲೆ ಫಲಿತಾಂಶದ ಪಟ್ಟಿ. ಉಳಿದ ಜಾಗದಲ್ಲಿ, ದೊಡ್ಡವರು ತಿದ್ದಿ ತೀಡಿದ ಪ್ರಬಂಧಗಳು. ಮೇಷ್ಟರು ಬೇಡವೆಂದು ನಾನು ಹೇಳುತ್ತಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರತಂದಾಗ ಬೆನ್ನಿಗೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳಂಥ ಮೇಷ್ಟರೇ. ಆದರೆ ಬೆನ್ನಿಗೆ ನಿಲ್ಲುವುದು ಬೇರೆ, ಪೆನ್ನು ಕಿತ್ತುಕೊಳ್ಳುವುದು ಬೇರೆ.

ಇದೇ ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನ ಹೈಸ್ಕೂಲೊಂದರ ಒಂಬತ್ತನೇ ತರಗತಿಯವರು ಈ ವರ್ಷ ಕೈಬರಹದ ಪತ್ರಿಕೆ ತಂದಿದ್ದಾರೆ. ಬರೆದವರಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರಿದ್ದಾರೆ. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳಿದ್ದಾರೆ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಅವ್ವ ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಗಾರೆ ಕೆಲಸಕ್ಕೆ ಹೊರಡುವುದನ್ನು ತನ್ನ ಊರಿನ ಮಾತಿನಲ್ಲೇ ಬರೆದಿದ್ದಾಳೆ. ಅದನ್ನು ನಕಲು ಮಾಡಿದ ಗೆಳತಿಯ ಮನೆಮಾತು ತಮಿಳು. ‘ಹೋಗ್ಯಾಳ’ ಎಂದಿದ್ದನ್ನು ‘ಹೋಗಿದ್ದಾಳೆ’ ಮಾಡದೆ, ಇದ್ದದ್ದನ್ನು ಇದ್ದ ಹಾಗೇ ಇಳಿಸಿದ್ದಾಳೆ. ಒಳ್ಳೆಯ ಸಂಪಾದಕಿಗೆ ಬೇಕಾದ ವಿವೇಕ ಅವಳಲ್ಲಿ ಆಗಲೇ ಇದೆ.

ಆ ಬರಹವನ್ನೂ ಅದೇ ಪತ್ರಿಕೆಯ ಎರಡು ಕವಿತೆಗಳನ್ನೂ ಈ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ಒಂದಕ್ಷರವನ್ನೂ ತಿದ್ದಿಲ್ಲ. ಓದಿ, ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಹೆಸರು ಹಾಕಿ ಬರೆದು ಕಳಿಸಿ. ಪತ್ರಗಳನ್ನು ಆ ತರಗತಿಗೆ ತಲುಪಿಸುವುದು ನಮ್ಮ ಹೊಣೆ.