‘ಒಂದು ಕಾಗದ ತಾನೇ’ ಎನ್ನುವವರಿಗೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅಡಿಕೆ ತೋಟದ ಮನೆಗಳಲ್ಲಿಯೂ ಮಳೆಗೆ ಕಾದು ಕುಳಿತ ಜಗಳೂರಿನ ಮನೆಗಳಲ್ಲಿಯೂ ಇಂದು ಒಂದೇ ಚರ್ಚೆ: ಓದಿದ ಮಗನನ್ನು ಯಾವ ದೇಶಕ್ಕೆ, ಯಾವ ವೀಸಾದ ಮೇಲೆ ಕಳುಹಿಸುವುದು? ಪ್ರಶ್ನೆ ತಪ್ಪಲ್ಲ, ದೇಶಾಂತರ ಹೋಗಿ ದುಡಿಯುವುದು ವರ್ತಕ ಸಮಾಜಕ್ಕೆ ಹೊಸದಲ್ಲ. ನನ್ನ ಆಕ್ಷೇಪಣೆ ಉತ್ತರ ಹುಡುಕುವ ರೀತಿಯ ಬಗೆಗೆ.

ಕಳೆದ ವರ್ಷ ಬಂಧುವೊಬ್ಬರು ನಮ್ಮ ಮಂಡಿಗೆ ಬಂದು, ತಮ್ಮ ಮಗ ಮೂರು ವರ್ಷ ನನ್ನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದನೆಂದು ಬರೆದುಕೊಡಲು ಕೇಳಿದರು. ಹುಡುಗ ನಮ್ಮಲ್ಲಿ ಒಂದು ದಿನವೂ ಕುಳಿತವನಲ್ಲ. ಕೆನಡಾದ ಅರ್ಜಿಗೆ ಅನುಭವದ ಅಂಕ ಬೇಕಾಗಿತ್ತು. ಒಲ್ಲೆನೆಂದಾಗ, “ಒಂದು ಕಾಗದ ತಾನೇ ಅಣ್ಣ, ಎಲ್ಲರೂ ಕೊಡುತ್ತಾರೆ” ಎಂದರು.

ಕಾಗದ ಮಾತ್ರವಲ್ಲ ಅದು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಸುಳ್ಳು ಪತ್ರ ಬರೆಯುವುದೇ ಅದು. ಲೌಕಿಕ ಕಾನೂನೂ ಸುಮ್ಮನಿಲ್ಲ. ಸುಳ್ಳು ದಾಖಲೆ ಬಯಲಾದರೆ ಕೆನಡಾ 5 ವರ್ಷ ಪ್ರವೇಶ ನಿಷೇಧಿಸುತ್ತದೆ; ಅಮೆರಿಕದಲ್ಲಿ, ವಿಶೇಷ ವಿನಾಯಿತಿ ಸಿಗದಿದ್ದರೆ, ಆಜೀವ ನಿಷೇಧ.

‘ಎಲ್ಲರೂ’ ಹೀಗೆ ಮಾಡಿದ್ದರ ಫಲವೇನು? ಕೆನಡಾದಲ್ಲಿ ಉದ್ಯೋಗದ ಭರವಸೆ ಪತ್ರಕ್ಕೆ 50 ಅಥವಾ 200 ಅಂಕ ದೊರೆಯುತ್ತಿತ್ತು. ಆ ಪತ್ರಗಳೇ ಮಾರಾಟದ ಸರಕಾದವು. 2025ರ ಮಾರ್ಚಿನಲ್ಲಿ ಸರ್ಕಾರ ಆ ಅಂಕಗಳನ್ನೇ ತೆಗೆದುಹಾಕಿತು. ಪ್ರಾಮಾಣಿಕನಾಗಿ ಕೆಲಸ ಗಳಿಸಿದವನೂ ಅವನ್ನು ಕಳೆದುಕೊಂಡ. ಇದು ಅಸತ್ಯವಷ್ಟೇ ಅಲ್ಲ, ಪರರ ಸ್ವತ್ತಿನ ಅಪಹರಣ.

‘ಬೇರೆ ದಾರಿಯಿಲ್ಲ’ ಎಂಬ ವಾದವೂ ನಿಲ್ಲದು. ದಾರಿಗಳು ಹಲವು, ಒಂದೊಂದೂ ಕೇಳುವ ಅರ್ಹತೆ ಬೇರೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅಭ್ಯರ್ಥಿಯೇ ತನ್ನ ಅಂಕಗಳ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ವಿದೇಶೀ ನುರಿತ ಕೆಲಸಗಾರರ ವಿಭಾಗಕ್ಕೆ ಕನಿಷ್ಠ 1 ವರ್ಷದ ಸಂಬಳದ ಅನುಭವ ಬೇಕು. ಜರ್ಮನಿ 2024ರ ಜೂನ್‌ನಿಂದ ಕೊಡುತ್ತಿರುವ ಅವಕಾಶ ಕಾರ್ಡಿನಲ್ಲಿ 1 ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು; ಅದಕ್ಕೆ ಪದವಿ ಅಥವಾ ವೃತ್ತಿ ತರಬೇತಿ, ಭಾಷಾಜ್ಞಾನ, ಜೀವನವೆಚ್ಚದ ಹಣ ಬೇಕು. ಅಮೆರಿಕದ ಎಚ್-1ಬಿ ಅರ್ಜಿ ಮಾಲೀಕನದು, ಕೆಲಸಗಾರನದಲ್ಲ. ವರ್ಷಕ್ಕೆ 85,000ದ ಮಿತಿಯುಂಟು; ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಲ್ಲಿರುವವರ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನೂ ವಿಧಿಸಲಾಯಿತು. ಆದ್ದರಿಂದ ಸಂಬಳವನ್ನಷ್ಟೇ ತೂಗಬೇಡಿ. ಪರವಾನಗಿ ಯಾರ ಕೈಯಲ್ಲಿದೆ, ಮಗನಲ್ಲಿ ನಿಜವಾಗಿ ಇರುವ ಅರ್ಹತೆಯೇನು ಎಂಬುದನ್ನು ಮೊದಲು ತೂಗಿ, ಅದಕ್ಕೊಪ್ಪುವ ದಾರಿಯನ್ನು ಆರಿಸಿರಿ.

ಬಸದಿಗಳ ಟ್ರಸ್ಟಿನವರಲ್ಲಿಯೂ ಒಂದು ವಿನಂತಿ: ಸಂಸ್ಥೆಯ ಮೊಹರು ಬಿದ್ದ ಪತ್ರಕ್ಕೂ ಇದೇ ವ್ರತ ಅನ್ವಯಿಸುತ್ತದೆ. ಕಾಣದ ಸೇವೆಗೆ ಪ್ರಮಾಣಪತ್ರ ಕೊಡುವುದಿಲ್ಲವೆಂದು ಸಭೆಯಲ್ಲಿ ನಿರ್ಣಯಿಸಿರಿ.

ಆ ಬಂಧುವಿಗೆ ನಾನು ಹೇಳಿದ್ದಿಷ್ಟು: “ನಾಳೆಯೇ ಹುಡುಗನನ್ನು ಕಳುಹಿಸು. ಸಂಬಳ ಕೊಟ್ಟು ಕೆಲಸ ಕಲಿಸುತ್ತೇನೆ. ವರ್ಷ ತುಂಬಿದ ದಿನ ಒಂದು ವರ್ಷದ ಪತ್ರ ಬರೆದುಕೊಡುತ್ತೇನೆ.” ಹುಡುಗ ಬರಲಿಲ್ಲ, ಆ ಮನೆಯವರು ಮಾತೂ ಬಿಟ್ಟರು. ಕೆಲಸ ಮಾತ್ರ ಇಂದಿಗೂ ಖಾಲಿ ಇದೆ.