ರಾಮನ್ ಹೆಸರಿನ ನಗರಕ್ಕೊಂದು ಲೇಸರ್ ಪಾಠ

ಬೆಂಗಳೂರಿನ ಸಿ.ವಿ. ರಾಮನ್ ನಗರ, ಇಂದಿರಾನಗರ, ಕೆ.ಆರ್. ಪುರದ ಸಾವಿರಾರು ಮನೆಗಳಿಗೆ ಈಗ ಫೈಬರ್ ಇಂಟರ್‌ನೆಟ್ ಬಂದಿದೆ. ಗೋಡೆಗೆ ಅಂಟಿಕೊಂಡ ಆ ಪುಟ್ಟ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದ, 1310 ನ್ಯಾನೋಮೀಟರ್ ಅಲೆಯುದ್ದದ ಅರೆವಾಹಕ ಲೇಸರ್ ದುಡಿಯುತ್ತಿರುತ್ತದೆ. ಅದೇ ಮನೆಯ ಪಿಯು ವಿದ್ಯಾರ್ಥಿಯನ್ನು ಬೆಳಕಿನ ಧ್ರುವೀಕರಣದ ಬಗ್ಗೆ ಕೇಳಿದರೆ ಮಾಲಸ್ ನಿಯಮದ ಸೂತ್ರವನ್ನು ಪಟಪಟನೆ ಒಪ್ಪಿಸಬಹುದು. ಕಣ್ಣಾರೆ ಕಂಡಿರುವುದು ಮಾತ್ರ ಅನುಮಾನ.

ಕಾಣುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಶಿವಾಜಿನಗರದ ಅಂಗಡಿಬೀದಿಯ ಕೆಂಪು ಲೇಸರ್ ಪಾಯಿಂಟರ್, ಜೊತೆಗೊಂದು ಪೋಲರಾಯ್ಡ್ ಕನ್ನಡಕ ಸಾಕು. ಪಾಯಿಂಟರನ್ನು ಗೋಡೆಯತ್ತ ಅಲುಗದಂತೆ ನಿಲ್ಲಿಸಿ, ನಡುವೆ ಕನ್ನಡಕದ ಗಾಜು ಹಿಡಿದು ನಿಧಾನವಾಗಿ ತಿರುಗಿಸಬೇಕು. ಕೆಂಪು ಚುಕ್ಕೆ ಮಂಕಾಗುತ್ತ ಹೋಗಿ, ಒಂದು ಹಂತದಲ್ಲಿ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಮತ್ತೆ ಝಗ್ಗನೆ ಬೆಳಗುತ್ತದೆ. (ಕನ್ನಡಕ ಕೈಯಲ್ಲಿರಲಿ, ಮೂಗಿನ ಮೇಲಲ್ಲ. ಲೇಸರಿಗೆ ಕಣ್ಣು ಕೊಡಲೇಬಾರದು.) ಅಗ್ಗದ ಹಸಿರು ಪಾಯಿಂಟರ್ ಬೇಡ, ಅವುಗಳಲ್ಲಿ ಹೆಚ್ಚಿನವು ಹರಳಿನ ಮೂಲಕ ಬಣ್ಣ ಬದಲಿಸಿಕೊಳ್ಳುವುದರಿಂದ ಪಾಠ ಗೋಜಲಾಗುತ್ತದೆ.

ಒಂದೇ ದಿಕ್ಕಿನಲ್ಲಿ ಕಂಪಿಸುವ, ಬಲ್ಬಿನ ಬೆಳಕಿಗಿಲ್ಲದ ಈ ಶಿಸ್ತು ಲೇಸರಿಗೆ ಬಂದದ್ದು ಅದರೊಳಗಿನ ಅರೆವಾಹಕ ಚಿಪ್ಪಿನ ರಚನೆಯಿಂದ. ಬೆಳಕು ಹುಟ್ಟುವ ಪದರ ಕೆಲವೇ ನ್ಯಾನೋಮೀಟರ್ ದಪ್ಪ. ಸಾಮಾನ್ಯವಾಗಿ ಪದರಕ್ಕೆ ಸಮಾಂತರವಾಗಿ ಕಂಪಿಸುವ ಬೆಳಕೇ ಅಲ್ಲಿ ಹೆಚ್ಚು ಬಲ ಪಡೆಯುತ್ತದೆ, ಚಿಪ್ಪಿನ ತುದಿಗಳೂ ಅದನ್ನೇ ಹೆಚ್ಚಾಗಿ ಪ್ರತಿಫಲಿಸುತ್ತವೆ. ಪದರವನ್ನು ಬೆಳೆಸುವಾಗಲೇ ಎಳೆದಂತೆ ಹಿಗ್ಗಿಸಿದರೆ ಕಂಪನವನ್ನು ಲಂಬ ದಿಕ್ಕಿಗೆ ಹೊರಳಿಸಲೂ ಸಾಧ್ಯ.

ಬೆಂಗಳೂರಿಗೆ ಈ ವಿಷಯ ಹೊಸದೇನಲ್ಲ. ಲೇಸರ್ ಇನ್ನೂ ಹುಟ್ಟದಿದ್ದ 1956ರಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22ರ ಹರೆಯದ ಎಸ್. ಪಂಚರತ್ನಂ ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಲೇಖನ ಪ್ರಕಟಿಸಿದರು. ಬ್ರಿಟನ್ನಿನ ಮೈಕೆಲ್ ಬೆರ್ರಿ 1984ರಲ್ಲಿ ಸ್ವತಂತ್ರವಾಗಿ ಕಂಡುಕೊಂಡ ಜ್ಯಾಮಿತೀಯ ಪ್ರಾವಸ್ಥೆಯ (ಅಲೆಯ ಸ್ಥಿತಿ ಒಂದು ಸುತ್ತು ಹಾಕಿ ಮರಳಿದಾಗ ಉಳಿಯುವ ಹಂತದ ವ್ಯತ್ಯಾಸ) ಒಂದು ರೂಪ ಅದರಲ್ಲಿ ಆಗಲೇ ಇತ್ತು. ಅದಕ್ಕೆ ಪಂಚರತ್ನಂ ಹೆಸರೂ ಅಂಟಿಕೊಂಡಿತು, ಆದರೆ ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಹದಿನೈದು ವರ್ಷಕ್ಕೂ ಹೆಚ್ಚಾಗಿತ್ತು.

ಪ್ರತಿ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಗಳಲ್ಲಿ ಭಾಷಣ, ಪ್ರಬಂಧ ಸ್ಪರ್ಧೆ, ರಂಗೋಲಿ. ಅವುಗಳಲ್ಲಿ ಒಂದನ್ನು ಕೈಬಿಟ್ಟು ಪಾಯಿಂಟರ್ ಕೊಡಿಸಬಾರದೇಕೆ? ಸುತ್ತಮುತ್ತಲ ಐಟಿ ಕಂಪನಿಗಳ ಸಿಎಸ್‌ಆರ್ ಹಣ ಸ್ಮಾರ್ಟ್ ಬೋರ್ಡ್ ಬಿಟ್ಟು ಇತ್ತಲೂ ಹರಿಯಬಹುದು. ಸ್ವಲ್ಪ ಹೆಚ್ಚು ಹಣವಿದ್ದರೆ ಬರಿಯ ಲೇಸರ್ ಡಯೋಡ್, ಮಲ್ಟಿಮೀಟರ್, ವಿದ್ಯುತ್ ಏರಿಳಿಸುವ ಸಾಧನ. ಒಂದು ಮಿತಿಗಿಂತ ಕಡಿಮೆ ವಿದ್ಯುತ್ ಹರಿಸಿದಾಗ ಡಯೋಡ್ ಬರಿಯ ಎಲ್‌ಇಡಿ. ಗಾಜು ತಿರುಗಿಸಿದರೆ ಅಷ್ಟಾಗಿ ವ್ಯತ್ಯಾಸವಾಗದು. ಮಿತಿ ದಾಟಿತೋ, ಬೆಳಕು ಒಂದೇ ದಿಕ್ಕು ಹಿಡಿಯುತ್ತದೆ. ವಿದ್ಯುತ್ತಿಗೆ ತಕ್ಕಂತೆ ಬೆಳಕು ಹೀಗೆ ಬದಲಾಗುವ ಗ್ರಾಫನ್ನು ತಾನೇ ಎಳೆದ ವಿದ್ಯಾರ್ಥಿಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಸಿಗುವಂತೆ ಮಾಡುವುದು ಪಿಯು ಇಲಾಖೆಯ ಕೈಯಲ್ಲಿದೆ.